ಕ್ಲಾಸ್: ದೋಣಿ

ಕಾರವಾರದ ಪಾಲಿಟೆಕ್ನಿಕ್ಕು, ಕಿಟಕಿಯಾಚೆ ಬೈತಖೋಲ ಬಂದರು.
ಬೋರ್ಡಿನ ಮೇಲೆ ಬರೆದೆ, ಕ್ಲಾಸ್: ದೋಣಿ.
ಅದಕ್ಕಿನ್ನೂ ನೀರು ತಾಗಿಲ್ಲ.

ಒಟ್ಟು ಎಷ್ಟು ದೋಣಿ?
ಇದು ಕ್ಲಾಸನ್ನೇ ಕೇಳಬೇಕಾದ ಮಾತು.
ಮೀನುಗಾರಿಕೆ ಕಚೇರಿಯ ದಫ್ತರದ ಹಾಗೆ
ಲೆಕ್ಕ ಬಲ್ಲದು, ಉಪ್ಪು ಅರಿಯದು.
ಎಲ್ಲಿ ಸೋರುತ್ತಿದೆ ಎಂಬುದನ್ನೋ
ಒಂದೊಂದರ ಮೈ ತಟ್ಟಿಯೇ ಕೇಳಬೇಕು.

ಕೊನೆ ಬೆಂಚಿನ ಪ್ರಣಾಲಿ ತಾಂಡೇಲ ಕೈಯೆತ್ತಿದಳು:
"ಒಡೆದುಹೋದದ್ದನ್ನು ಎಣಿಕೆಯಿಂದ
ಕಳೆಯುವುದು ಯಾರ ಕೆಲಸ, ಸರ್?

ನಮ್ಮ 'ಸಾಂತೇರಿ'ಯ ಹಲಗೆ ಈಗ ಕೋಳಿಗೂಡು.
ಲೈಸೆನ್ಸ್ ನವೀಕರಿಸಿ ಅಂತ
ವರ್ಷವೂ ನೋಟೀಸು ಬರುತ್ತದೆ, ಅವಳ ಹೆಸರಿಗೇ.
ಅಪ್ಪ ಓದುವುದಿಲ್ಲ. ಮಡಚಿ ಮಡಚಿ
ಗೂಡು ಸೋರುವ ಕಡೆ ತುರುಕುತ್ತಾನೆ."