ತಳದ ಮಾದರಿ

ಸೋಮವಾರ ಬೆಳಿಗ್ಗೆ ಘಟ್ಟದಾಚೆಯಿಂದ ಜೀಪು ಬರುತ್ತದೆ
ಉದ್ಯಮಬಾಗದ ನಮ್ಮ ಓಣಿಗೆ.
ಎರಕದ ಕಾರ್ಖಾನೆಗಳ ಮಸಿ ತೊಳೆದ ನೀರು ದಾಟಿ
ಡ್ರೈವರ್ ದಸ್ತಗೀರ ಥರ್ಮಾಕೋಲಿನ ಪೆಟ್ಟಿಗೆ ತರುತ್ತಾನೆ
ಕೂಸನ್ನು ದವಾಖಾನೆಗೆ ತಂದವನ ಹಾಗೆ, ಎರಡೂ ಕೈಯಲ್ಲಿ.

ಒಳಗೆ ಆರು ಬಾಟಲಿ ಡೀಸೆಲ್.
ಲಾರಿಗಲ್ಲ, ಟ್ರ್ಯಾಕ್ಟರಿಗಲ್ಲ.
ಅಣುಸ್ಥಾವರದ ಕರೆಂಟು ಹೋದ ರಾತ್ರಿ
ಹತ್ತು ಎಣಿಸುವುದರೊಳಗೆ ಎದ್ದು ನಿಲ್ಲಬೇಕಾದ
ಜನರೇಟರುಗಳ ಎಣ್ಣೆ ಇದು.
ಅಂಥ ರಾತ್ರಿ ಈವರೆಗೆ ಬಂದಿಲ್ಲ.
ತಿಂಗಳಿಗೊಮ್ಮೆ ಎಬ್ಬಿಸಿ, ಒಂದು ತಾಸು ಓಡಿಸಿ, ಮಲಗಿಸುತ್ತಾರೆ.
ಉಳಿದದ್ದು ನೆಲದೊಳಗಿನ ಟಾಕಿಯಲ್ಲಿ
ಕತ್ತಲಲ್ಲೇ ಮುಪ್ಪಾಗುತ್ತದೆ.

ಜಿನ್ನಪ್ಪ ಚೌಗುಲೆಯವರು ನನಗೆ ಕೆಲಸ ಕಲಿಸಿದ್ದು ಹೀಗೆ:
ಬಾಟಲಿ ಹಿಂದ ಪೇಪರ್ ಹಿಡಿ,
ಅಕ್ಷರ ಓದಾಕ ಬಂದ್ರ ಪಾಸು.
ಅವರ ಕೈಯಲ್ಲಿ ಮರಾಠಿ ಪೇಪರು, ನನ್ನ ಕೈಯಲ್ಲಿ ಕನ್ನಡದ್ದು.
ಹತ್ತೊಂಬತ್ತು ವರ್ಷ ಆ ಹೊಂಬಣ್ಣದ ಮೂಲಕ
ಸಕ್ಕರೆ ಕಾರ್ಖಾನೆಯ ಚುನಾವಣೆ, ಶ್ರದ್ಧಾಂಜಲಿ, ಟೊಮೆಟೊ ದರ
ಎಲ್ಲ ಓದಿ
ರಿಜಿಸ್ಟರಿನಲ್ಲಿ ಎರಡೇ ಮಾತು ಬರೆದರು:
ತಿಳಿ ಇದೆ. ಹೊಳಪಿದೆ.
ಕೆಳಗೆ ಸಹಿ, ಬಾಲ ಎತ್ತಿದ ಅಳಿಲಿನಂಥದು.

ಈ ಜೂನಿನಿಂದ ಹೊಸ ನಿಯಮ.
ನಲವತ್ತೊಂದು ಪುಟ, ಸ್ಪೈರಲ್ ಬೈಂಡಿಂಗು.
ಕಣ್ಣನ್ನು ನಂಬಬೇಡಿ ಅನ್ನುತ್ತದೆ ಮೂರನೆಯ ಪುಟ,
ಇಷ್ಟು ಒರಟಾಗಿ ಅಲ್ಲ, ಆದರೆ ಅದೇ ಅರ್ಥ.
ಒಂದು ಲೀಟರು ಸೋಸು, ಹಾಳೆ ಒಣಗಿಸು, ತೂಗು.
ಮೇಲಿನದು ಸಾಲದು, ನಡುವಿನದು ಸಾಲದು,
ತಳದಿಂದ ತೆಗೆ.

ತಳದಲ್ಲಿ ನೀರು ಕೂಡುತ್ತದೆ.
ನೀರು ಎಣ್ಣೆಯನ್ನು ಮುಟ್ಟುವ ಗೆರೆಯ ಮೇಲೆ
ಕಣ್ಣಿಗೆ ಕಾಣದ್ದೊಂದು ಸಂಸಾರ ಹೂಡುತ್ತದೆ,
ಮೇಲಿನಿಂದ ಉಂಡು, ಕೆಳಗಿನಿಂದ ಕುಡಿದು,
ಲೋಳೆಯಾಗಿ ಹಬ್ಬಿ ಫಿಲ್ಟರಿನ ಗಂಟಲು ಕಟ್ಟುವಂಥದು.
ಓದುವಾಗ ನಗು ಬಂತು.
ಗಡಿಯ ಮೇಲೆ ಬದುಕುವುದು ಹೇಗೆಂದು
ಬೆಳಗಾವಿಯವಳಿಗೆ ನಲವತ್ತೊಂದು ಪುಟ ಬೇಕೆ?

ಕಪಾಟಿನಲ್ಲಿ ಹೋದ ವರ್ಷದ ಬಾಟಲಿಗಳಿದ್ದವು, ಮೊಹರು ಸಮೇತ.
ಯಾರೂ ಹೇಳಿರಲಿಲ್ಲ. ಊಟದ ಬಿಡುವಿನಲ್ಲಿ ಒಂದರ ಮೊಹರು ಒಡೆದೆ.
ಪೇಪರು ಹಿಡಿದರೆ ಅಕ್ಷರ ಸ್ಪಷ್ಟ.
ಸೋಸಿದರೆ ಹಾಳೆಯ ಮೇಲೊಂದು ಕಂದು ಚಂದ್ರ.
ಮಿತಿ ಹತ್ತು. ಬಂದದ್ದು ಹದಿನಾರು.
ಅಳಿಲಿನ ಪಕ್ಕದಲ್ಲಿ ನಾನೇನು ಬರೆಯಲಿ?

ಚೌಗುಲೆಯವರು ಡಬ್ಬಿ ತೊಳೆದು ಬಂದರು.
ಹಾಳೆಯನ್ನು ಬೆಳಕಿಗೆ ಹಿಡಿಯಲಿಲ್ಲ, ಮೂಸಿದರು.
"ಡೀಸೆಲ್ಲ ಬದಲಾಗೇತಿ ತಂಗಿ.
ಈಗ ಅದರಾಗ ಬೀಜದ ಎಣ್ಣಿ ಕಲಸ್ತಾರ,
ನೀರು ಬಿಡಂಗಿಲ್ಲ, ಹಿಡಕೊಂಡ ಕುಂದರತೈತಿ.
ನನ್ನ ಕಣ್ಣು ಅದಽ ಐತಿ."
ಆಮೇಲೆ, ಚಹಾ ಆರಿದ ಮೇಲೆ,
"ಅದೂ ಬದಲಾಗಿರಬೇಕು ಬಿಡು. ಮೋತಿಬಿಂದು ಅಂದಾನ ಡಾಕ್ಟರ."

ಸ್ಥಾವರಕ್ಕೆ ಫೋನು ಮಾಡಿದವರು ಅವರೇ.
ನಾನು ಪಾಸು ಮಾಡಿದ್ದು ಪಾಸಲ್ಲ ಎಂದು
ಕನ್ನಡದಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ,
ಮೇಲಿನ ಸಾಹೇಬರಿಗೆ ಇಂಗ್ಲಿಷಿನಲ್ಲೂ ಹೇಳಿದರು,
ಮೂರರಲ್ಲೂ ಒಂದೇ ದನಿ.
ಆ ಕಡೆಯವರು ಕೇಳಿರಬೇಕು, ಎಂಜಿನ್ನು ಪ್ರತಿ ತಿಂಗಳೂ ಹತ್ತಿತಲ್ಲ ಎಂದು.
"ಒಂದು ತಾಸು ಓಡೇತ್ರೀ.
ಏಳು ದಿನ ಓಡಿಸಿ ನೋಡೀರೇನು?"
ಫೋನಿನ ಆಚೆ ಬಹಳ ಹೊತ್ತು
ಘಟ್ಟದ ಮಳೆಯಷ್ಟೇ ಕೇಳುತ್ತಿತ್ತು.

ಟಾಕಿ ಬಳಿದು ತೊಳೆದರಂತೆ, ಹನ್ನೆರಡು ದಿನ.
ಈ ಸೋಮವಾರ ದಸ್ತಗೀರ ತಂದ ಬಾಟಲಿಯ ಮೇಲೆ
ದಪ್ಪ ಪೆನ್ನಿನಲ್ಲಿ ಬರೆದಿತ್ತು: ತಳ.
ಸೋಸಿದೆ, ಒಣಗಿಸಿದೆ, ತೂಗಿದೆ. ಮೂರೂವರೆ.
ಫಾರಮ್ಮಿನಲ್ಲಿ ಕಣ್ಣಿಗೆ ಕಾಲಂ ಇಲ್ಲ.
ಆದರೂ ಚೌಗುಲೆಯವರು ತಮ್ಮ ಕನ್ನಡಕ ಹುಡುಕಿ ತಂದು
ನನ್ನ ಪೇಪರನ್ನೇ ಬಾಟಲಿಯ ಹಿಂದೆ ಹಿಡಿದು
ಅಕ್ಷರ ಕೂಡಿಸಿ ಕೂಡಿಸಿ ಓದಿದರು:
ಬಾಡಿಗೆಗೆ ಮನೆ, ಟಿಳಕವಾಡಿ,
ಎರಡನೇ ಗೇಟ್ ಹತ್ತಿರ,
ನೀರಿನ ಅನುಕೂಲ ಇದೆ.