ಆರನೆಯ ಹೆಸರು

ಸಕ್ಕರೆ ಮಿಲ್ಲಿನ ಸೈರನ್ ಬಾಯಿ ಮುಚ್ಚಿ ಹತ್ತು ದಿನ.
ಕಬ್ಬಿಲ್ಲ, ಗಾಡಿಯಿಲ್ಲ. ತಕ್ಕಡಿಯ ಮೇಲೆ
ಬೆಕ್ಕು ಮಲಗಿದೆ, ಅದರ ತೂಕ ಬರೆಯಲು
ನನಗೆ ಯಾರೂ ಸಂಬಳ ಕೊಡುವುದಿಲ್ಲ.
ಅನ್ಸೆಲ್ಮೋನ ಕ್ಷೌರದಂಗಡಿಯ ಹಿತ್ತಲಲ್ಲಿ
ಮೂವರು ನಾವು, ಒಂದು ಮೇಜು,
ನಡುವೆ ನನ್ನ ಸ್ಕೋರ್ ಪುಸ್ತಕ,
ಅದರ ಮೂಲೆಗಳಿಗೆಲ್ಲ ಕಾಕಂಬಿಯ ಅಂಟು.

ವರ್ಷಕ್ಕೊಮ್ಮೆ ಒಂಬತ್ತು ಹೆಸರು
ಗೋದಾಮಿನ ಗೋಡೆಯ ಮೇಲೆ, ನೀಲಿಯಲ್ಲಿ,
ಯಾವುದೋ ಚಂಡಮಾರುತ ಬಂದು ಓದಿಕೊಂಡು ಹೋಗುವವರೆಗೆ.

ಪುಸ್ತಕದೊಳಗೆ ಆಟಗಾರ ಅಂದರೆ ಬರೀ ಅಂಕಿ.
ಒಂದು, ಎಸೆಯುವವನು: ನಿಕಾನೋರ್, ಎಡಚ.
ಕೈಬಿಟ್ಟ ಮೇಲೂ ಅವನ ಚೆಂಡು
ಮನಸ್ಸು ಬದಲಿಸುತ್ತಿತ್ತು.
ಎರಡು, ತೊರಿಬಿಯೊ. ಕ್ಯಾಚರನ ಆ ಎಡ ಅಂಗೈ ಕಂಡವರಿಗೆ
ಹುಣ್ಣು ನೋಡಲು ಕನ್ನಡಿ ಬೇಡ.
ಮೂರು, ವೆನ್ಸೆಸ್ಲಾವೊ: ಬ್ಯಾಟು ಕೊಟ್ಟರೆ ಸೋಮಾರಿ,
ಆದರೆ ಎಂಥ ಅಡ್ಡಾದಿಡ್ಡಿ ಎಸೆತವನ್ನೂ
ಹಗ್ಗದಿಂದ ಬಟ್ಟೆ ಎಳೆದುಕೊಳ್ಳುವವಳ ಹಾಗೆ
ಕಾಲು ಬೇಸಿನಿಂದ ಎತ್ತದೆ ತೆಗೆದುಕೊಂಡ.
ನಾಲ್ಕಕ್ಕೆ ಒಂದು ಗಂಟೆ ಹಿಡಿಯಿತು.
ಕ್ರೆಸೆನ್ಸಿಯೊ ಕುರ್ಚಿ ಒದ್ದು ಎದ್ದು ಹೋದ,
ಟೋಪಿ ಮರೆತಿದ್ದಕ್ಕೆ ವಾಪಸು ಬಂದ, ಕೂತ.
ಮೂವತ್ತು ವರ್ಷ ಅಂಪೈರ್ ಆಗಿದ್ದವನು,
ಪೊರೆ ಬಂದಿರುವುದು ಕಣ್ಣಿಗೆ, ನಾಲಿಗೆಗಲ್ಲ.
ಐದು, ಎವರಿಸ್ತೊ. ಮುಂದೆ.

ದೂರ ನಿಂತು ಆಡುವವರನ್ನು ನೆನೆಯುವುದು ಕಷ್ಟ,
ಓಡುವ ಬೆನ್ನುಗಳಷ್ಟೇ ಕಣ್ಣಿಗೆ ಬರುತ್ತವೆ.
ಹಾಗೂ ಹೀಗೂ ಏಳು, ಎಂಟು ತುಂಬಿದೆವು.
ಒಂಬತ್ತು ಬಿಯೆನ್ವೆನಿದೊ:
ಚೆಂಡಿನ ಹಿಂದೆ ಕಬ್ಬಿನ ಗದ್ದೆಗೇ ನುಗ್ಗಿ
ಮಾಯವಾಗಿ, ಕೈಯೆತ್ತಿಕೊಂಡು ಹೊರಬಂದವನು.
ಹಿಡಿದನೋ ಹೆಕ್ಕಿದನೋ ಕಬ್ಬಿಗೇ ಗೊತ್ತು.
ನಾನು ಔಟ್ ಅಂತ ಬರೆದೆ.

ಉಳಿದದ್ದು ಆರು. ಶಾರ್ಟ್‌ಸ್ಟಾಪ್.

ಮ್ಯಾನೇಜರನ ತಂಗಿಯ ಮಗ ಪೆಗೇರೊ, ಏಳು ತಪ್ಪು.
ಬತೇಯ ಕೂಲಿಸಾಲಿನ ದ್ಯೂಸೆಲ್, ಎಂಟು.
ಹುಟ್ಟಿದ್ದು ಇಲ್ಲೇ, ಹುಟ್ಟಿದ್ದಕ್ಕೆ ಕಾಗದವಿಲ್ಲ,
ನನ್ನ ಪುಸ್ತಕ ಬಿಟ್ಟರೆ ಬೇರೆಲ್ಲೂ
ಅವನ ಹೆಸರು ಶಾಯಿಯಲ್ಲಿಲ್ಲ.
ಅವನ ಎಂಟೂ ನಿಜವಾದ ತಪ್ಪುಗಳೇ,
ಒಂದು ಅಂತೂ ಎರಡು ಕಾಲಿನ ನಡುವೆ ಹೋಯಿತು,
ಅವನೇ ಹಿಂತಿರುಗಿ ನೋಡಿ ನಕ್ಕ.

ಎಡವಟ್ಟು ಇರುವುದು ಆ ಏಳರಲ್ಲಿ.
ಮಾರ್ಚಿನ ಭಾನುವಾರ, ನಾಲ್ಕನೇ ಇನಿಂಗ್ಸ್,
ನಾನು ಚಿಲ್ಲರೆ ಎಣಿಸುತ್ತಿದ್ದೆ. ಕಡಲೆಕಾಯಿಯವನಿಗೆ.
ತಲೆಯೆತ್ತಿದಾಗ ಪೆಗೇರೊ ಮಣ್ಣಿನಲ್ಲಿ,
ಚೆಂಡು ಹುಲ್ಲಿನಲ್ಲಿ, ಬ್ಯಾಟ್ಸ್‌ಮನ್ ಬೇಸಿನ ಮೇಲೆ.
ಪಕ್ಕದವನನ್ನು ಕೇಳಿದೆ. ಹಿಟ್ ಅಂದ. ಬರೆದೆ.
ಆ ಪಕ್ಕದವನು ಮಿಲ್ಲಿನ ಮೇಸ್ತ್ರಿ.

ಇದನ್ನು ಮೇಜಿನ ಮೇಲೆ ಇಟ್ಟೆ.
ಅನ್ಸೆಲ್ಮೊ ಬಾಚಣಿಗೆ ಊದುತ್ತಾ,
"ಪುಸ್ತಕ ಅಂದರೆ ಪುಸ್ತಕ, ದೋನ್ಯಾ ಯೂಫೇಮಿಯಾ.
ಇದನ್ನು ತಿದ್ದಿದರೆ
ಕಬ್ಬಿನ ಗದ್ದೆಗೂ ಹೋಗಬೇಕಾಗುತ್ತದೆ."
ಕ್ರೆಸೆನ್ಸಿಯೊ ಮೊದಲ ಸಲ ಸುಮ್ಮನಿದ್ದ.
ಇಬ್ಬರು ಕೈಯೆತ್ತಿದರು. ನಾನು ಎತ್ತಲಿಲ್ಲ,
ಎತ್ತದೆ ಇದ್ದದ್ದನ್ನು ಬರೆಯಲು ಕಾಲಂ ಇರಲಿಲ್ಲ.

ಮಾರನೆಯ ದಿನ ಗೋಡೆಗೆ ಏಣಿ ಒರಗಿತು.
ಬಣ್ಣ ಬಳಿಯುವ ಕೂಲಿಗೆ ಬಂದವನು ದ್ಯೂಸೆಲ್,
ಊರಲ್ಲಿ ಅವನಷ್ಟು ಚೆಂದದ ಅಕ್ಷರ ಯಾರದ್ದೂ ಇಲ್ಲ.
ನಾನು ಕೆಳಗೆ ನಿಂತು ಚೀಟಿ ಓದಿದೆ.
ಐದಾದ ಮೇಲೆ ಕುಂಚ ತಡೆದು ಕೇಳಿದ, "ಆರು?"
ಹೇಳಿದೆ. ಹೆಸರಿನ ಕೊನೆಗೆ ಎಷ್ಟು ಉದ್ದ ಬಾಲ ಎಂದು ಕೇಳಿದ.
ಬರೆದ, ಉಳಿದವಕ್ಕಿಂತ ನಿಧಾನವಾಗಿ,
ಒಂದು ಹನಿ ಜಾರಿತು,
ನೆಲ ಮುಟ್ಟುವ ಮೊದಲೇ
ಎಡಗೈ ಬೀಸಿ ಹಿಡಿದ.
"ಇದನ್ನೂ ತಪ್ಪು ಅಂತ ಬರೀಬೇಡಿ," ಎಂದು ನಕ್ಕು
ಬೆರಳನ್ನು ಚಡ್ಡಿಗೆ ಒರೆಸಿಕೊಂಡ.

ಹೊಸ ಪುಸ್ತಕ ತಂದಿದ್ದೇನೆ. ಗೆರೆ ಎಳೆದಾಯಿತು.
ಬರುವ ಸೀಸನ್ನಿಗೆ ಆಚೆ ಬದಿಯ ಬೆಂಚು,
ಬಿಸಿಲು ನೇರ ಮುಖಕ್ಕೆ,
ಅಕ್ಕಪಕ್ಕ ಯಾರೂ ಕೂರದ ಕಡೆ.