ಟೆಸ್ಟರ್

ರುವಿಯ ಈ ಔಷಧದಂಗಡಿಯಲ್ಲಿ
ವಯಸ್ಸಿಗೊಂದು ಹಲಗೆ.
ಕೆಳಗೆ ಇಪ್ಪತ್ತೈದು, ಕಣ್ಣಿನ ನೇರಕ್ಕೆ ನಲವತ್ತು,
ಅರವತ್ತಕ್ಕೆ ಸ್ಟೂಲ್ ಹತ್ತಬೇಕು.

ಮದುವೆ ಗೊತ್ತಾದ ಹುಡುಗಿ ಬಂದು
ಇಲ್ಲದ ಗೆರೆ ತೋರಿಸುತ್ತಾಳೆ.
ಸನ್‌ಸ್ಕ್ರೀನ್ ಸಾಕಮ್ಮ, ಅನ್ನುತ್ತೇನೆ,
ಹೊರಗೆ ನಲವತ್ತಾರು ಡಿಗ್ರಿ.
ಮ್ಯಾನೇಜರ್ ಕೆಮ್ಮುತ್ತಾನೆ.

ರೆಟಿನಾಲ್ ರಾತ್ರಿಗೆ, ಬಟಾಣಿಯಷ್ಟೇ.
ಬಸುರಿಯಾದರೆ ಬೇಡವೇ ಬೇಡ.
ಉರಿದರೆ ದಿನ ಬಿಟ್ಟು ದಿನ.
ಕತ್ತಿಗೂ ಹಚ್ಚಿ,
ಮುಖ ಮುಚ್ಚಿಟ್ಟದ್ದನ್ನು ಕತ್ತು ಚಾಡಿ ಹೇಳುತ್ತದೆ.

ನಿನ್ನೆ ಲಾರಿಯ ಇದಿನಬ್ಬ ಬಂದಿದ್ದ,
ಬೆಳಗಿನ ಜಾವಕ್ಕೆ ವಿಮಾನ.
ಹೆಂಡತಿಗೊಂದು ಕ್ರೀಮು.
ವಯಸ್ಸೆಷ್ಟು?
ಬೆರಳು ಮಡಚಿದ, ಬಿಚ್ಚಿದ,
ಮಗಳು ಹುಟ್ಟಿದ ವರ್ಷದಿಂದ ಹಿಂದಕ್ಕೆ ಎಣಿಸಿದ,
ಕಡೆಗೆ ಫೋನ್ ಮಾಡಿ ಅವಳನ್ನೇ ಕೇಳಿದ.
ನಗು ಕೌಂಟರಿನ ತನಕ ಕೇಳಿಸಿತು.
ಮೂವತ್ತರದು ತನ್ನಿ ಅಂದಳಂತೆ.
ನಲವತ್ತರದನ್ನೇ ಕಟ್ಟಿಕೊಟ್ಟೆ,
ಬೆಲೆಚೀಟಿಯ ಜೊತೆ
ಡಬ್ಬಿಯ ಮೇಲಿನ ವಯಸ್ಸನ್ನೂ
ಉಗುರಿನಲ್ಲಿ ಕೆರೆದು.

ಯಾರೇ ಬರಲಿ, ಒಂದು ತೊಟ್ಟು
ನನ್ನ ಎಡಗೈ ಮೇಲೆ ಹಚ್ಚಿ ತೋರಿಸುವುದು ರೂಢಿ.
ಹದಿಮೂರು ವರ್ಷವಾಯಿತು.
ಎಲ್ಲ ಹಲಗೆಯದನ್ನೂ ಉಂಡ ಆ ಕೈ
ಈಗಲೂ ಬಳೆಗಾರನೆದುರು ಚಾಚುವಂತಿದೆ.
ಹಚ್ಚುತ್ತ ಬಂದ ಬಲಗೈ,
ಬಿಲ್ಲು ಬರೆದದ್ದು, ರೂಮಿನ ಪಾತ್ರೆ ತಿಕ್ಕಿದ್ದು,
ತೋರುಬೆರಳ ತುದಿಯೊಂದು ಬಿಟ್ಟರೆ
ಒಣಗಿದ ಖರ್ಜೂರ.

ರಾತ್ರಿ ಬಸ್ಸಿನಲ್ಲಿ ಎರಡೂ
ಮಡಿಲಲ್ಲಿ ಕೂತಿರುತ್ತವೆ,
ಅತ್ತೆಯ ಪಕ್ಕ ಸೊಸೆ, ಮಾತಿಲ್ಲ.

ನೀವೇನು ಹಚ್ಚುತ್ತೀರಿ ಮುಖಕ್ಕೆ?
ಗಿರಾಕಿಗಳು ಕೇಳುತ್ತಾರೆ.
ನಾನು ಎಡಗೈ ಚಾಚುತ್ತೇನೆ.